ಹದಿನಾಲ್ಕು ಪರ್ಸೆಂಟ್ ಕಾಲು, ಹತ್ತಲಾಗದ ಮರ

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ. ನಮ್ಮನೆಯವರಿಗೆ ಅಪಘಾತದ ಹೊತ್ತಿಗೆ 34 ವರ್ಷ. ಚಳಿಗಾಲದಲ್ಲಿ ಅಡಿಕೆ ಕೊನೆ (ಗೊಂಚಲು) ಕೊಯ್ಯುವುದು, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವುದು ಅವರ ಕೆಲಸ. 2022ರ ಡಿಸೆಂಬರ್‌ನಲ್ಲಿ ಬೈಕಿನಲ್ಲಿ ಬರುವಾಗ ತಿರುವಿನಲ್ಲಿ ಎದುರಿಂದ ಬಂದ ಗೂಡ್ಸ್ ಟೆಂಪೊ ಹೊಡೆದು ಬಲ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದವು. ರಾಡ್ ಹಾಕಿದ್ದಾರೆ. ಈಗ ನಡೆಯುತ್ತಾರೆ, ಆದರೆ ಪಾದ ಮಡಚುವುದಿಲ್ಲ, ಮರ ಹತ್ತಲು ಆಗುವುದಿಲ್ಲ. ಮನೆಮನೆಗೆ ಹೋಗಿ ಅಡಿಕೆ ಸುಲಿಯುತ್ತಾರೆ. ಮೊದಲು ಕೊಯ್ಲಿಗೆ ದಿನಕ್ಕೆ 1,200, ಔಷಧಿ ಹೊಡೆದರೆ 1,500 ಸಿಗುತ್ತಿತ್ತು. ಈಗ 450 ಸಿಕ್ಕರೆ ಹೆಚ್ಚು. ಡಾಕ್ಟರು ಕಾಲಿಗೆ 42, ಇಡೀ ದೇಹಕ್ಕೆ 14 ಪರ್ಸೆಂಟ್ ಊನತೆ ಎಂದು ಬರೆದಿದ್ದಾರೆ. ಕೇಸು ಶಿರಸಿಯಲ್ಲೇ ಇದೆ, ಸಾಕ್ಷಿ ಇನ್ನೂ ಶುರುವಾಗಿಲ್ಲ. ಇನ್ಶೂರೆನ್ಸ್‌ನವರು ಲೋಕ ಅದಾಲತ್‌ನಲ್ಲಿ 7 ಲಕ್ಷಕ್ಕೆ ಮುಗಿಸೋಣ ಎನ್ನುತ್ತಾರೆ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ‘ಬೈಕಿನಿಂದ ಬಿದ್ದು’ ಎಂದಿದೆಯಂತೆ. ಪೊಲೀಸ್ ದೂರು ಕೊಟ್ಟಿದ್ದು ಮೂರು ದಿನ ಬಿಟ್ಟು. ಹೆಲ್ಮೆಟ್ ಇರಲಿಲ್ಲ, ಲೈಸೆನ್ಸ್ ಅವಧಿ ಮುಗಿದಿತ್ತು. ಟೆಂಪೊ ಡ್ರೈವರ್‌ಗೆ ಬ್ಯಾಡ್ಜ್ (ಸರಕು ವಾಹನ ಓಡಿಸುವ ಪ್ರತ್ಯೇಕ ಅನುಮತಿ) ಇಲ್ಲ, ನಾವು ಕೊಡಬೇಕಾಗಿಯೇ ಇಲ್ಲ ಎಂದೂ ಹೆದರಿಸುತ್ತಾರೆ. 7 ಲಕ್ಷ ತೆಗೆದುಕೊಳ್ಳಬಹುದೇ? ಸಾಕ್ಷಿಯ ದಿನ ಕೋಲು ಹಿಡಿದು ಬರಲು ಒಬ್ಬರು ಹೇಳಿದ್ದಾರೆ, ಅದು ಸರಿಯೇ?

ಉತ್ತರ: ಮೊದಲು ತುರ್ತಿನ ಮಾತು. ಬರುವ ಅದಾಲತ್‌ನಲ್ಲಿ ಸಹಿ ಹಾಕಬೇಡಿ. ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಆದ ತೀರ್ಪಿಗೆ ಮೇಲ್ಮನವಿ ಇಲ್ಲ; ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮು ಆ ಬಾಗಿಲು ಹಾಕಿಬಿಟ್ಟಿದೆ. ಅದಾಲತ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನನ್ನ ಎಷ್ಟೋ ಕಕ್ಷಿದಾರರು ಅಲ್ಲಿಂದಲೇ ಒಳ್ಳೆಯ ಹಣ ತಂದಿದ್ದಾರೆ. ಆದರೆ ನಿಮ್ಮ ಕಡೆಯ ಒಂದು ಸಾಕ್ಷಿಯೂ ದಾಖಲೆಗೆ ಬಾರದ ಹೊತ್ತಿನಲ್ಲಿ ಕಂಪನಿ ಹೇಳುವ ಬೆಲೆ ನಿಮ್ಮ ಕೇಸಿನದಲ್ಲ. ಅದು ಡಾಕ್ಟರ ಚೀಟಿಯ ಬೆಲೆ.

ಕಂಪನಿಯ ಲೆಕ್ಕದ ಹಾಳೆಯನ್ನೂ ಕಳಿಸಿದ್ದೀರಿ, ಒಳ್ಳೆಯದಾಯಿತು. ಅದರಲ್ಲಿ ತಿಂಗಳ ಆದಾಯ 15,500 ಎಂದು ಹಿಡಿದಿದ್ದಾರೆ. ಆದಾಯಕ್ಕೆ ದಾಖಲೆ ಇಲ್ಲದವರಿಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರವು ಅದಾಲತ್‌ಗಳಿಗೆ ಅಪಘಾತದ ವರ್ಷವಾರು ಒಂದು ಪಟ್ಟಿ ಮಾಡಿಕೊಟ್ಟಿದೆ, ಆ ಅಂಕಿ ಬಂದಿರುವುದು ಅಲ್ಲಿಂದ. ಹನ್ನೆರಡು ತಿಂಗಳಿಗೆ 1,86,000. ವಯಸ್ಸು 31ರಿಂದ 35ರೊಳಗೆ ಇರುವವರಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆ, 16; ಇದು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ, ಸರಿಯಾಗಿಯೇ ಹಾಕಿದ್ದಾರೆ. ಗುಣಿಸಿದರೆ 29,76,000. ಅದರಲ್ಲಿ 14 ಪರ್ಸೆಂಟ್ ತೆಗೆದು 4,16,640. ಆಸ್ಪತ್ರೆ ಬಿಲ್ಲು 1,85,000, ಮೂರು ತಿಂಗಳು ಮಲಗಿದ್ದಕ್ಕೆ 46,500, ನೋವಿಗೆ 40,000, ಓಡಾಟ ಊಟ ಅಂತ 25,000. ಒಟ್ಟು 7,13,140. ಮೇಲಿನ ಹದಿಮೂರು ಸಾವಿರವನ್ನೂ ಬಿಡಲು ಮನಸ್ಸಾಗದೆ ಏಳಕ್ಕೆ ಇಳಿಸಿದ್ದಾರೆ.

ಈ ಹಾಳೆಯಲ್ಲಿ ಒಂದು ಸಾಲೇ ಇಲ್ಲ. ಸ್ವಂತ ದುಡಿಮೆಯವರು ನಲವತ್ತರೊಳಗಿದ್ದರೆ ಅವರ ಆದಾಯಕ್ಕೆ ಭವಿಷ್ಯದ ಏರಿಕೆಯೆಂದು 40 ಪರ್ಸೆಂಟ್ ಸೇರಿಸಬೇಕು ಎಂದು ಸುಪ್ರೀಂ ಕೋರ್ಟಿನ ಐವರ ಪೀಠ 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಹೇಳಿತು. ಅದು ಸಾವಿನ ಪ್ರಕರಣ, ಗಾಯದ ಕೇಸಿಗೆ ಅನ್ವಯಿಸದು ಎಂದು ಕಂಪನಿಗಳು ಕೆಲವು ವರ್ಷ ವಾದಿಸಿದವು. 2020ರಲ್ಲಿ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ, ಶಾಶ್ವತ ಊನವಾದವರಿಗೂ ಅದು ಸಲ್ಲುತ್ತದೆ ಎಂದು ಮೂವರ ಪೀಠ ತೀರ್ಮಾನಿಸಿತು. ಆ ಸಾಲನ್ನು ಹಾಕಿದರೆ ಇದೇ 4,16,640 ಎಂಬುದು 5,83,296 ಆಗುತ್ತದೆ. ಬೇರೆ ಯಾವ ವಾದವೂ ಇಲ್ಲದೆ, ಕಂಪನಿಯ ಅಂಕಿಗಳನ್ನೇ ಒಪ್ಪಿಕೊಂಡರೂ 1,66,656 ರೂಪಾಯಿ ನಿಮಗೆ ಕಡಿಮೆ ಬಿದ್ದಿದೆ. ಬದುಕಿನ ಸುಖ-ಸೌಕರ್ಯ ಕಳೆದುಕೊಂಡದ್ದಕ್ಕೆ ಪ್ರತ್ಯೇಕ ಬಾಬ್ತು ಇರಬೇಕಿತ್ತು, ಅದೂ ಇಲ್ಲ. ರಾಡ್ ತೆಗೆಸುವ ಮುಂದಿನ ಆಪರೇಷನ್ನಿನ ಖರ್ಚೂ ಇಲ್ಲ.

ಇಷ್ಟನ್ನು ಸರಿಪಡಿಸುವುದು ಸುಲಭ. ಯಾವ ವಕೀಲರಾದರೂ ಅರ್ಧ ಗಂಟೆಯಲ್ಲಿ ಮಾಡುತ್ತಾರೆ. ನಿಮ್ಮ ಕೇಸಿನ ತಿರುಳಿರುವುದು ಆ 14ರಲ್ಲಿ.

ಹದಿನಾಲ್ಕು ಎಲ್ಲಿಂದ ಬಂತು? ಕಾಲಿಗೆ 42. ಒಂದು ಅಂಗದ ಊನತೆಯ ಮೂರನೇ ಒಂದು ಭಾಗವನ್ನು ಇಡೀ ದೇಹದ್ದೆಂದು ಹಿಡಿಯುವುದು ನಮ್ಮ ಕೋರ್ಟುಗಳಲ್ಲಿ ಬಳಕೆಯಾಗಿಬಿಟ್ಟ ರೂಢಿ. 42ರ ಮೂರನೇ ಒಂದು 14. ಅದು ವೈದ್ಯಕೀಯ ಅಳತೆ. ಆ ಅಳತೆಗೆ ನಿಮ್ಮ ಯಜಮಾನರು ಬ್ಯಾಂಕಿನ ಗುಮಾಸ್ತರೋ ಕೊನೆ ಕೊಯ್ಯುವವರೋ ಗೊತ್ತಿಲ್ಲ. ಪರಿಹಾರ ಕೊಡಬೇಕಾದದ್ದು ದುಡಿಮೆಯ ಶಕ್ತಿ ಎಷ್ಟು ಹೋಯಿತು ಎಂಬುದಕ್ಕೆ, ಅಂದರೆ ಕಸುಬಿನ ಊನತೆಗೆ. ಎರಡೂ ಬೇರೆ ಎಂದು ಸ್ಪಷ್ಟವಾಗಿ ಬಿಡಿಸಿ ಹೇಳಿದ್ದು 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು. ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು, ಸರಳಾ ವರ್ಮಾ ತೀರ್ಪೂ ಅವರದೇ. ಅದರಲ್ಲಿ ಅವರು ಕೊಟ್ಟ ಉದಾಹರಣೆ ಇಂದಿಗೂ ಎಲ್ಲ ವಕೀಲರ ಬಾಯಲ್ಲಿದೆ: ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಹೋಗದೇ ಇರಬಹುದು. ನ್ಯಾಯಮಂಡಳಿ (ಅಪಘಾತ ಪರಿಹಾರದ ಕೇಸು ನಡೆಸುವ ಕೋರ್ಟು) ನೋಡಬೇಕಾದ ದಾರಿಯನ್ನೂ ಅಲ್ಲೇ ಹಾಕಿಕೊಟ್ಟರು. ಈ ಊನದೊಂದಿಗೆ ಮನುಷ್ಯ ಏನು ಮಾಡಬಲ್ಲ, ಏನು ಮಾಡಲಾರ. ಮೊದಲು ಅವನ ಕಸುಬು ಏನಿತ್ತು, ವಯಸ್ಸೆಷ್ಟು. ಆ ಕಸುಬನ್ನು ಮುಂದುವರಿಸಬಲ್ಲನೇ, ಇಲ್ಲವಾದರೆ ಬೇರೆ ಯಾವುದರಿಂದ ಎಷ್ಟು ದುಡಿಯಬಲ್ಲ.

ಪಪ್ಪು ದೇವ್ ಯಾದವ್ ಪ್ರಕರಣದಲ್ಲೂ ಇದೇ ಆಯಿತು. ಟೈಪಿಂಗ್, ಡೇಟಾ ಎಂಟ್ರಿ ಮಾಡುತ್ತಿದ್ದವನ ಕೈ ಹೋಗಿತ್ತು. ಹೈಕೋರ್ಟು ದುಡಿಮೆಯ ನಷ್ಟ 45 ಪರ್ಸೆಂಟ್ ಎಂದಿತ್ತು, ಸುಪ್ರೀಂ ಕೋರ್ಟು ಅದನ್ನು 65ಕ್ಕೆ ಏರಿಸಿತು.

ನಿಮ್ಮ ಯಜಮಾನರ ಕೆಲಸವನ್ನು ನೀವು ದಿನಾ ಕಂಡವರು, ಹಾಗಾಗಿ ಅದರಲ್ಲಿ ವಿವರಿಸುವುದೇನಿದೆ ಅನ್ನಿಸಬಹುದು. ತಪ್ಪು ಅಲ್ಲಿಯೇ ಆಗುವುದು. ಅರ್ಜಿಯಲ್ಲಿ ಅವರ ಉದ್ಯೋಗದ ಮುಂದೆ ‘ಕೂಲಿ’ ಎಂದು ಬರೆದಿದ್ದಾರೆ. ಕೂಲಿ ಎಂದರೆ ಹಾರೆ ಹಿಡಿದವನೂ ಕೂಲಿ, ಅಂಗಡಿ ಗುಡಿಸುವವನೂ ಕೂಲಿ. ಅಡಿಕೆ ಮರ ಹತ್ತುವವನ ಪಾದಕ್ಕೂ ಅವನ ಹೊಟ್ಟೆಗೂ ಇರುವ ಸಂಬಂಧ ಆ ಪದದಲ್ಲಿ ಕಾಣುವುದಿಲ್ಲ. ನಿಮ್ಮ ವಕೀಲರಿಗೆ ಹೇಳಿ, ಅರ್ಜಿಗೆ ತಿದ್ದುಪಡಿ ಹಾಕಿಸಿ, ‘ಅಡಿಕೆ ಕೊನೆ ಕೊಯ್ಯುವ ಮತ್ತು ಔಷಧಿ ಸಿಂಪಡಿಸುವ ಕುಶಲಕರ್ಮಿ’ ಎಂದು ಬರೆಸಿ. ಮುಖ್ಯ ವಿಚಾರಣೆಯ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಕೆಲಸದ ವಿವರ ಒಂದು ಇಡೀ ಪುಟ ಬರಲಿ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡು ಎರಡೂ ಪಾದವನ್ನು ಒಳಮುಖವಾಗಿ ಬಾಗಿಸಿ ಕಾಂಡವನ್ನು ಕಚ್ಚಿ ಹಿಡಿಯಬೇಕು. ಮೈಭಾರವೆಲ್ಲ ಪಾದದ ಗಂಟಿನ ಮೇಲೆ. ಮೇಲೆ ಹೋದ ಮೇಲೆ ಒಂದು ಮರದಿಂದ ಮತ್ತೊಂದಕ್ಕೆ ಬಾಗಿಸಿಕೊಂಡು ದಾಟಬೇಕು. ಮಳೆಗಾಲದಲ್ಲಿ ಪಾಚಿ ಹಿಡಿದ ಮರ. ಪಾದ ಮಡಚದಿದ್ದರೆ ಇದರಲ್ಲಿ ಯಾವುದೂ ಆಗದು. ಬಯಲುಸೀಮೆಯಿಂದ ವರ್ಗವಾಗಿ ಬಂದ ನ್ಯಾಯಾಧೀಶರು ತೋಟದೊಳಗೆ ಕಾಲಿಡದೇ ಇರಬಹುದು. ಅವರಿಗೆ ಗೊತ್ತಿರಲೇಬೇಕೆಂದು ಊಹಿಸಿಕೊಳ್ಳಬಾರದು.

ಹಳೆಯ ಮೊಬೈಲಿನಲ್ಲಿ ಅವರು ಮರದ ಮೇಲಿರುವ ಫೋಟೊ, ವಿಡಿಯೊ ಇದ್ದೇ ಇರುತ್ತದೆ. ತೋಟದ ಮನೆಯ ಹುಡುಗರು ಯಾರಾದರೂ ತೆಗೆದಿರುತ್ತಾರೆ. ಒಂದೇ ಒಂದು ನಿಮಿಷದ ವಿಡಿಯೊ ಸಾಕು. ಅದನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಲಿ. ನ್ಯಾಯಮಂಡಳಿಯ ವಿಚಾರಣೆ ಸಂಕ್ಷಿಪ್ತ ಸ್ವರೂಪದ್ದು, ಸಾಕ್ಷ್ಯ ಕಾಯ್ದೆಯ ಎಲ್ಲ ಕಟ್ಟುಪಾಡು ಅಲ್ಲಿಲ್ಲ, ನಿಜ. ಆದರೂ ಎದುರು ವಕೀಲರಿಗೆ ಆಕ್ಷೇಪಣೆಗೆ ಕಾರಣ ಯಾಕೆ ಕೊಡಬೇಕು?

ಆದಾಯದ ವಿಷಯ. ಸಂಬಳದ ಚೀಟಿ ಇಲ್ಲವೆಂದು ಕೊರಗಬೇಡಿ. ರಾಮಚಂದ್ರಪ್ಪ ಎಂಬ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ, 2011ರ ತೀರ್ಪು. 2004ರಲ್ಲಿ ಅಪಘಾತವಾದ ಕೂಲಿಯವರು ತಿಂಗಳಿಗೆ 4,500 ಎಂದು ಕೇಳಿದ್ದರು, ನ್ಯಾಯಮಂಡಳಿ 3,000 ಎಂದಿತ್ತು. ಆ ಕಾಲದಲ್ಲಿ ಕೂಲಿ ದಿನಕ್ಕೆ ನೂರರಿಂದ ನೂರೈವತ್ತು ಇತ್ತು, ದಾಖಲೆ ಇಡಲು ಅವರಿಂದಾಗದು, ಕೇಳಿದ್ದರಲ್ಲಿ ಅತಿಶಯ ಇಲ್ಲ ಎಂದು ಸುಪ್ರೀಂ ಕೋರ್ಟು 4,500ನ್ನೇ ಒಪ್ಪಿತು. ನೀವು ಹೇಳಿದ ದರದಲ್ಲಿ ನಾನೊಂದು ಲೆಕ್ಕ ಹಾಕಿದೆ. ಕೊಯ್ಲು 90 ದಿನ, 1,08,000. ಔಷಧಿ 45 ದಿನ, 67,500. ವರ್ಷದ ಉಳಿದ ಸಣ್ಣಪುಟ್ಟ ಕೆಲಸ 110 ದಿನಕ್ಕೆ 600ರಂತೆ 66,000. ಒಟ್ಟು 2,41,500, ಅಂದರೆ ತಿಂಗಳಿಗೆ 20,000ದ ಮೇಲೆ. ದಿನಗಳ ಎಣಿಕೆ ನನ್ನ ಅಂದಾಜು, ನಿಜವಾದ ದಿನಗಳನ್ನು ನೀವು ಕೂಡಿಸಿ. ‘ದಿನಕ್ಕೆ 1,500, ತಿಂಗಳಿಗೆ 45,000’ ಎಂದು ಮಾತ್ರ ಬರೆಸಬೇಡಿ. ವರ್ಷವಿಡೀ ಕೊಯ್ಲಿರುವುದಿಲ್ಲ ಎಂಬುದು ಎದುರು ವಕೀಲರಿಗೆ ಗೊತ್ತು, ಅವರ ಅಜ್ಜನ ಮನೆಯಲ್ಲೂ ತೋಟ ಇದ್ದೀತು.

ಇದನ್ನು ರುಜುವಾತು ಮಾಡಲು ಇಬ್ಬರು ತೋಟದ ಯಜಮಾನರು ಬೇಕು. ಹಳೆಯ ಕಾಲದ ಹೆಗಡೆಯವರೋ ಭಟ್ಟರೋ ಕೊಯ್ಲಿನ ಲೆಕ್ಕಕ್ಕೆ ಪುಸ್ತಕ ಇಟ್ಟಿರುತ್ತಾರೆ: ಇಂಥ ದಿನ ಇಷ್ಟು ಕೊನೆ, ಇಷ್ಟು ಜನ, ಇಷ್ಟು ಬಟವಾಡೆ. ‘ಇವರು ನಮ್ಮಲ್ಲಿ ಕೆಲಸ ಮಾಡುತ್ತಿದ್ದರು’ ಎಂದು ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಬರುವ ಕಾಗದಕ್ಕೆ ಬೆಲೆಯಿಲ್ಲ, ಬರೆದವರು ಕಟಕಟೆಗೆ ಬಂದು ಪಾಟೀಸವಾಲು ಎದುರಿಸಿದರೆ ಮಾತ್ರ ಅದಕ್ಕೆ ಜೀವ. ಪುಸ್ತಕದ ಜೆರಾಕ್ಸ್ ಅಲ್ಲ, ಅಸಲೇ ಬರಲಿ. ಮೂಲೆ ಇಲಿ ಕಡಿದಿದ್ದರೂ ಪರವಾಗಿಲ್ಲ. ಫೋನ್‌ಪೇಯಲ್ಲಿ ಬಂದ ಬಟವಾಡೆ ಇದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿ, ಅಪಘಾತಕ್ಕೆ ಹಿಂದಿನ ಎರಡು ವರ್ಷದ್ದು.

ಈಗ ಅಡಿಕೆ ಸುಲಿಯುವ ಮಾತು. ಅದನ್ನು ಮುಚ್ಚಿಡಿ, ‘ಮನೆಯಲ್ಲೇ ಕೂತಿದ್ದೇನೆ’ ಎನ್ನಿ ಎಂದು ಹೇಳುವವರು ಬಹಳ ಜನ ಸಿಗುತ್ತಾರೆ. ನಾನು ತದ್ವಿರುದ್ಧ ಹೇಳುತ್ತೇನೆ. ನಿಮ್ಮ ಕೈಯಲ್ಲಿರುವ ಅತಿ ಗಟ್ಟಿ ಸಾಕ್ಷಿ ಅದೇ. ಕಸುಬಿನ ಊನತೆ ಎಷ್ಟು ಎಂಬ ಪ್ರಶ್ನೆಗೆ ಡಾಕ್ಟರ ಬಳಿ ಉತ್ತರ ಇಲ್ಲ, ನ್ಯಾಯಾಧೀಶರು ಅಂದಾಜಿನಲ್ಲೇ ತೀರ್ಮಾನಿಸಬೇಕು. ಅವರ ಮುಂದೆ ನೀವು ಎರಡು ಸಂಖ್ಯೆ ಇಡುತ್ತೀರಿ: ಮೊದಲು ವರ್ಷಕ್ಕೆ 2,41,500, ಈಗ ದಿನಕ್ಕೆ 450ರಂತೆ 250 ದಿನ ಸುಲಿದರೂ 1,12,500. ಅರ್ಧಕ್ಕಿಂತ ಹೆಚ್ಚು ಹೋಯಿತು. ಇದು ತಕ್ಕಡಿಯಲ್ಲಿ ತೂಗಿ ತೋರಿಸಿದಂತೆ. ಏನೂ ಮಾಡುತ್ತಿಲ್ಲ ಎಂದು ಪ್ರಮಾಣ ಮಾಡಿ, ನಾಳೆ ಕಂಪನಿಯ ತನಿಖೆಯವನು ಮೊಬೈಲಿನಲ್ಲಿ ತೆಗೆದ ಸುಲಿಯುವ ವಿಡಿಯೊ ತೋರಿಸಿದರೆ, ಮುರಿದ ಕಾಲೂ ಸುಳ್ಳೇ ಎಂಬ ಅನುಮಾನ ಹುಟ್ಟುತ್ತದೆ. ಸುಲಿಸಿದವರಲ್ಲೂ ಒಬ್ಬರು ಸಾಕ್ಷಿ ಹೇಳಲಿ.

ಹಾಗಾದರೆ ನೂರಕ್ಕೆ ನೂರು ಕೇಳೋಣವೇ ಎಂದರೆ, ಬೇಡ. ಹಳೆಯ ಕಸುಬು ಪೂರ್ತಿ ಹೋಗಿದೆ ನಿಜ, ಆದರೆ ದುಡಿಯುವ ಶಕ್ತಿ ಪೂರ್ತಿ ಹೋಗಿಲ್ಲ, ರಾಜ್‌ಕುಮಾರ್ ತೀರ್ಪಿನ ಕೊನೆಯ ಪ್ರಶ್ನೆ ಅದೇ. 50 ಕೇಳಿ. ಸಾಕ್ಷ್ಯ ಸರಿಯಾಗಿ ಬಂದರೆ 30ರಿಂದ 45ರೊಳಗೆ ಎಲ್ಲೋ ನಿಲ್ಲಬಹುದೆಂದು ನನ್ನ ಅಂದಾಜು.

ಡಾಕ್ಟರ ಸಾಕ್ಷ್ಯಕ್ಕೆ ಬರೋಣ. ಸರ್ಟಿಫಿಕೇಟು ಕೊಟ್ಟವರು ಆಪರೇಷನ್ ಮಾಡಿದವರೇ ಆಗಿದ್ದರೆ ನಿಮ್ಮ ಅದೃಷ್ಟ. ಚಿಕಿತ್ಸೆ ಮಾಡಿದವರು ಒಬ್ಬರು, ಪರ್ಸೆಂಟ್ ಬರೆದು ಕೊಡುವವರು ಇನ್ನೊಬ್ಬರು ಎಂಬ ವ್ಯವಸ್ಥೆ ಎಲ್ಲ ಕೋರ್ಟುಗಳ ಸುತ್ತ ಬೆಳೆದಿದೆ, ಅಂಥವರ ಹೆಸರು ನ್ಯಾಯಾಧೀಶರಿಗೆ ಬಾಯಿಪಾಠ. ‘ನೀವು ಚಿಕಿತ್ಸೆ ಮಾಡಿಲ್ಲ ಅಲ್ಲವೇ’ ಎಂಬ ಮೊದಲ ಪ್ರಶ್ನೆಗೇ ಆ ಸಾಕ್ಷ್ಯದ ಅರ್ಧ ತೂಕ ಇಳಿಯುತ್ತದೆ. ಆಪರೇಷನ್ ಮಾಡಿದವರು ಕೋರ್ಟಿಗೆ ಬರಲು ಒಲ್ಲೆ ಎಂದರೆ ಕಮಿಷನರ್ ಮೂಲಕವೋ ವಿಡಿಯೊ ಕಾನ್ಫರೆನ್ಸ್‌ನಲ್ಲೋ ಹೇಳಿಕೆ ತೆಗೆಯಲು ಅರ್ಜಿ ಹಾಕಿ. ಡಾಕ್ಟರುಗಳನ್ನು ಇಡೀ ದಿನ ಕಾಯಿಸಬೇಡಿ, ಅವರ ಅನುಕೂಲ ನೋಡಿ ಸಮಯ ಗೊತ್ತುಮಾಡಿ, ಕಮಿಷನ್ ಮೂಲಕವಾದರೂ ಸಾಕ್ಷ್ಯ ತೆಗೆದುಕೊಳ್ಳಿ ಎಂದು ರಾಜ್‌ಕುಮಾರ್ ತೀರ್ಪೇ ಹೇಳಿದೆ. ಅವರ ಬಾಯಿಂದ ಬರಬೇಕಾದದ್ದು ಪರ್ಸೆಂಟಿಗಿಂತ ಹೆಚ್ಚಾಗಿ ಚಲನೆಯ ಅಳತೆ. ಪಾದ ಮೇಲಕ್ಕೆ ಸಾಮಾನ್ಯವಾಗಿ ಸುಮಾರು 20 ಡಿಗ್ರಿ ಮಡಚುತ್ತದೆ; ಇವರದ್ದು ಎಷ್ಟು? ಒಳಮುಖವಾಗಿ ತಿರುಗುತ್ತದೆಯೇ? ಹೊಸ ಎಕ್ಸ್‌ರೇಯಲ್ಲಿ ಮೂಳೆ ನೇರ ಕೂಡಿದೆಯೇ, ಡೊಂಕಾಗಿ ಕೂಡಿದೆಯೇ? ಆಮೇಲೆ ಕೊನೆಯ ಪ್ರಶ್ನೆ: ಈ ಪಾದದಲ್ಲಿ ಅಡಿಕೆ ಮರ ಹತ್ತಬಹುದೇ? ಮಲೆನಾಡಿನ ಡಾಕ್ಟರಾದರೆ ಆ ಪ್ರಶ್ನೆಗೆ ಕಣ್ಣಿಗೆ ಕಟ್ಟುವ ಹಾಗೆ ಉತ್ತರಿಸುತ್ತಾರೆ. ರಾಡ್ ತೆಗೆಯಲು ಎಷ್ಟು ಖರ್ಚೆಂಬ ಅಂದಾಜು ಪತ್ರವನ್ನೂ ಅವರಿಂದಲೇ ಗುರುತು ಮಾಡಿಸಿ. ಮುಂದೆ ಆಗುವ ಆ ಖರ್ಚಿಗೆ ಬಡ್ಡಿ ಸಿಗುವುದಿಲ್ಲ, ಅಷ್ಟೆ.

ನನಗೆ ನಿಜವಾಗಿ ಚಿಂತೆ ಇರುವುದು ಇನ್ನೊಂದು ಕಡೆ: ‘ಬೈಕಿನಿಂದ ಬಿದ್ದು’ ಎಂಬ ಆ ಎರಡು ಪದ. ಪರಿಹಾರ ಎಷ್ಟು ಎಂಬ ಜಗಳವೆಲ್ಲ ಟೆಂಪೊ ಹೊಡೆದದ್ದು ರುಜುವಾತಾದ ಮೇಲಿನ ಮಾತು. ತಾನೇ ಬಿದ್ದವನು ಮೂರು ದಿನ ಕೂತು ಯೋಚಿಸಿ ವಿಮೆ ಇರುವ ಟೆಂಪೊ ಒಂದನ್ನು ಹುಡುಕಿಕೊಂಡ ಎಂಬುದೇ ಕಂಪನಿಯ ವಾದವಾಗಿರುತ್ತದೆ. ಅಂಥ ಸುಳ್ಳು ಕೇಸುಗಳು ಇಲ್ಲವೆಂದಲ್ಲ, ಇವೆ, ನ್ಯಾಯಾಧೀಶರು ಕಂಡೂ ಇದ್ದಾರೆ. ಹಾಗಾಗಿ ಇದನ್ನು ಪಾಟೀಸವಾಲಿನಲ್ಲಿ ಎದುರಿನವರು ಕೇಳುವ ತನಕ ಕಾಯಬಾರದು. ನಿಮ್ಮ ಪ್ರಮಾಣಪತ್ರದಲ್ಲೇ ಮೊದಲು ಹೇಳಿಬಿಡಬೇಕು.

ಹೇಗೆ? ಅಂದು ಅವರನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದವರು ಯಾರು ಎಂಬುದು ಮೊದಲ ಪ್ರಶ್ನೆ. ಚೀಟಿಗೆ ವಿವರ ಹೇಳಿದವರು ರೋಗಿಯೋ, ಜೊತೆಗೆ ಬಂದವರೋ? ಚೀಟಿಯಲ್ಲೇ ‘ಕರೆತಂದವರು’ ಎಂಬ ಸಾಲಿರುತ್ತದೆ. ಅಪಘಾತ ಕಣ್ಣಾರೆ ಕಾಣದ ದಾರಿಹೋಕರು ಕರೆತಂದಿದ್ದರೆ ‘ಬೈಕಿನಿಂದ ಬಿದ್ದಿದ್ದರು’ ಎಂದು ಹೇಳುವುದು ಸಹಜವೇ, ಅವರು ಕಂಡದ್ದು ಬಿದ್ದವರನ್ನೇ ತಾನೆ. ಅವರನ್ನು ಹುಡುಕಿ ಸಾಕ್ಷಿಗೆ ಕರೆಸಿ. ಆಮೇಲೆ ಇಡೀ ಕೇಸ್‌ಶೀಟ್ ತರಿಸಿ. ಎರಡನೇ ಆಸ್ಪತ್ರೆಗೆ ಕಳಿಸಿದ್ದರೆ ಅಲ್ಲಿನ ದಾಖಲೆಯಲ್ಲಿ ‘ಟೆಂಪೊ ಡಿಕ್ಕಿ’ ಎಂದು ಬರೆದಿರುವ ಸಾಧ್ಯತೆ ಬಹಳ. ದೂರಿಗೆ ಮೊದಲೇ ಹಾಗೆ ಬರೆದಿದ್ದರೆ ಕಂಪನಿಯ ಕಥೆ ಅಲ್ಲಿಗೆ ಮುಗಿಯಿತು.

ಬಾಯಿಲ್ಲದ ಸಾಕ್ಷಿಗಳು ಇನ್ನೂ ಒಳ್ಳೆಯವು. ಮೋಟಾರು ವಾಹನ ನಿರೀಕ್ಷಕರ ವರದಿ ತೆಗೆದು ನೋಡಿ: ಟೆಂಪೊದ ಮುಂಭಾಗ ಬಲಗಡೆ ಜಖಂ ಎಂದಿದೆಯೇ? ಬೈಕಿನ ಬಲ ಫುಟ್‌ರೆಸ್ಟ್ ಬಾಗಿದೆಯೇ? ಎಡಬದಿ ಓಡಿಸುವ ನಮ್ಮ ರಸ್ತೆಯಲ್ಲಿ ಎದುರುಬದುರು ತಾಗಿದರೆ ಬಲಕ್ಕೆ ಬಲ ತಾಗುತ್ತದೆ, ಮುರಿದದ್ದೂ ಬಲಗಾಲೇ. ಸ್ಥಳ ಪಂಚನಾಮೆಯ ನಕ್ಷೆಯಲ್ಲಿ ಗಾಜಿನ ಚೂರು ರಸ್ತೆಯ ಯಾವ ಮಗ್ಗುಲಿಗಿತ್ತು, ಅದನ್ನೂ ನೋಡಿ. ಪೊಲೀಸರು ಟೆಂಪೊ ಚಾಲಕನ ಮೇಲೆ ಚಾರ್ಜ್‌ಶೀಟ್ ಹಾಕಿದ್ದಾರೆಯೇ, ಅವನು ಅದನ್ನು ಎಲ್ಲಿಯಾದರೂ ಪ್ರಶ್ನಿಸಿದ್ದಾನೆಯೇ? ತನ್ನದು ತಪ್ಪಿಲ್ಲ ಎನ್ನುವ ಚಾಲಕನನ್ನು ಕಂಪನಿ ಕಟಕಟೆಗೆ ತರದಿದ್ದರೆ ನಿಮ್ಮ ವಕೀಲರು ವಾದದಲ್ಲಿ ಅದನ್ನು ಎತ್ತಿ ಹೇಳಬೇಕು. ಇಲ್ಲಿ ಬೇಕಾದದ್ದು ಕ್ರಿಮಿನಲ್ ಕೇಸಿನಂತೆ ಸಂಶಯಾತೀತ ರುಜುವಾತಲ್ಲ, ಯಾವುದು ಹೆಚ್ಚು ಸಂಭವನೀಯ ಎಂಬುದಷ್ಟೆ.

ಮೂರು ದಿನದ ವಿಳಂಬಕ್ಕೆ ಅಷ್ಟು ಹೆದರಬೇಕಿಲ್ಲ. ಗಾಯಾಳುವಿನ ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆ, ಠಾಣೆಗಲ್ಲ; ಎಫ್‌ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದು 2011ರ ರವಿ ವಿರುದ್ಧ ಬದ್ರಿನಾರಾಯಣ ತೀರ್ಪು ಹೇಳಿದೆ. ಆ ಮೂರು ದಿನ ನೀವು ಎಲ್ಲಿದ್ದಿರಿ, ಆಪರೇಷನ್ ಯಾವ ದಿನ ಆಯಿತು ಎಂಬುದನ್ನು ಮಾತ್ರ ತಾರೀಖಿನ ಸಮೇತ ಹೇಳಿ.

ಹೆಲ್ಮೆಟ್ ಇಲ್ಲದ್ದಕ್ಕೂ ಕಾಲು ಮುರಿದದ್ದಕ್ಕೂ ಏನು ಸಂಬಂಧ? ಲೈಸೆನ್ಸ್ ಇಲ್ಲದಿರುವುದು ದಂಡ ಕಟ್ಟುವ ತಪ್ಪು, ಅದರಿಂದಲೇ ಅಪಘಾತದಲ್ಲಿ ಪಾಲುದಾರನಾಗುವುದಿಲ್ಲ ಎಂದು 2008ರ ಸುಧೀರ್ ಕುಮಾರ್ ರಾಣಾ ತೀರ್ಪು ಸ್ಪಷ್ಟಪಡಿಸಿದೆ. ಟೆಂಪೊ ಚಾಲಕನ ಬ್ಯಾಡ್ಜಿನ ಬೆದರಿಕೆಯಂತೂ ಹಳಸಿದ್ದು. 7,500 ಕಿಲೋಗಿಂತ ಕಡಿಮೆ ತೂಕದ ಸರಕು ವಾಹನಕ್ಕೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ರಂಭಾ ದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಾಗಿದೆ. ಟೆಂಪೊದ ಆರ್‌ಸಿಯಲ್ಲಿ ತೂಕ ನೋಡಿಕೊಳ್ಳಿ, ಸಾಕು.

ಹಾಗಾದರೆ ನಿಮ್ಮ ಕೇಸಿನ ಬೆಲೆ ಎಷ್ಟು? ಟೆಂಪೊ ಹೊಡೆದದ್ದು ರುಜುವಾತಾಯಿತು, ಆದರೆ ಕಸುಬಿನ ಬಗ್ಗೆ ನಿಮ್ಮ ಒಂದು ಮಾತನ್ನೂ ನ್ಯಾಯಮಂಡಳಿ ಒಪ್ಪಲಿಲ್ಲ, 15,500 ಮತ್ತು 14 ಪರ್ಸೆಂಟನ್ನೇ ಹಿಡಿಯಿತು ಎನ್ನೋಣ. ಭವಿಷ್ಯದ ಆದಾಯಕ್ಕೆ 5,83,296, ಬಿಲ್ಲು 1,85,000, ಐದು ತಿಂಗಳ ದುಡಿಮೆ 77,500, ನೋವಿಗೆ 50,000, ಸೌಕರ್ಯದ ನಷ್ಟಕ್ಕೆ 40,000, ಆರೈಕೆ ಓಡಾಟಕ್ಕೆ 30,000 ಎಂದು ಹಿಡಿದರೂ 9,65,796. ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ, ನಮ್ಮಲ್ಲಿ ಸಾಮಾನ್ಯವಾಗಿ 6 ಪರ್ಸೆಂಟ್. ಇನ್ನು ಆದಾಯ ಅದೇ 15,500 ಇಟ್ಟು ಕಸುಬಿನ ಊನತೆ 30 ಎಂದು ಒಪ್ಪಿದರೆ ಆ ಒಂದು ಬಾಬ್ತೇ 12,49,920. ಆದಾಯ 20,000, ಊನತೆ 40 ಎಂದರೆ 21,50,400. ಗಾಯದ ಕೇಸಿನಲ್ಲಿ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆಯುವಂತಿಲ್ಲ, ಅದು ಸಾವಿನ ಪ್ರಕರಣಕ್ಕೆ ಮಾತ್ರ. ಅರ್ಜಿಯಲ್ಲಿ ಕಡಿಮೆ ಕೇಳಿದ್ದೀರೆಂದು ಭಯ ಬೇಡ. ನ್ಯಾಯಯುತವಾದರೆ ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ ಎಂದು 2002ರ ನಾಗಪ್ಪ ತೀರ್ಪಿನಿಂದ ಸ್ಥಾಪಿತವಾಗಿದೆ.

ಟೆಂಪೊ ಹೊಡೆದದ್ದೇ ಸುಳ್ಳು ಎಂದು ತೀರ್ಮಾನವಾದರೆ ಸಿಗುವುದು ಸೊನ್ನೆ. ಕಂಪನಿಯ ಏಳು ಲಕ್ಷದಲ್ಲಿ ಈ ಭಯದ ರಿಯಾಯಿತಿಯೂ ಸೇರಿದೆ. ಆದ್ದರಿಂದ ನನ್ನ ಸಲಹೆ ಇದು: ನಿಮ್ಮವರ ಹೇಳಿಕೆ, ಆಸ್ಪತ್ರೆಗೆ ಒಯ್ದವರ ಹೇಳಿಕೆ, ತೋಟದವರ ಹೇಳಿಕೆ ಮುಗಿಯಲಿ. ಪಾಟೀಸವಾಲಿನಲ್ಲಿ ಗಟ್ಟಿ ನಿಂತರೆ ಮುಂದಿನ ಅದಾಲತ್‌ಗೆ ಕಂಪನಿಯೇ ಮತ್ತೆ ಬರುತ್ತದೆ, ಆಗ ಅಂಕಿ ಬೇರೆ ಇರುತ್ತದೆ. ಆ ಹೊತ್ತಿಗೆ 14-15 ಲಕ್ಷದ ಮಾತು ಬಂದರೆ ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿಲ್ಲ ಎಂಬುದು ನನ್ನ ಮತ. ತೀರ್ಪಿಗೆ ಕಾದು, ಆಮೇಲೆ ಕಂಪನಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಹೋದರೆ ಇನ್ನೆಷ್ಟೋ ವರ್ಷ. ಮಕ್ಕಳ ಶಾಲೆಯ ಫೀಸಿಗೆ ಅಷ್ಟು ಕಾಯಲಾಗದು. ತೀರ್ಪು ತೀರಾ ಕಡಿಮೆ ಬಂದರೆ ನೀವೂ 90 ದಿನದೊಳಗೆ ಅಲ್ಲಿಗೇ ಹೋಗಬಹುದು.

ಬಿಲ್ಲಿನ ಬಗ್ಗೆ ಎರಡು ಮಾತು. ಆರೋಗ್ಯ ವಿಮೆಯಿಂದ ಹಣ ಬಂದಿದ್ದರೆ ವಕೀಲರಿಗೆ ಮುಚ್ಚಿಡಬೇಡಿ, ಅದನ್ನು ಕಳೆಯಬೇಕೋ ಬೇಡವೋ ಎಂಬುದರಲ್ಲಿ ಹೈಕೋರ್ಟುಗಳಲ್ಲೇ ಒಮ್ಮತವಿಲ್ಲ. ಔಷಧಿ ಅಂಗಡಿಯಿಂದ ಮೂರು ಸಾವಿರದ ಸುಳ್ಳು ಬಿಲ್ಲು ಸೇರಿಸಿ ಎಂದು ಯಾರಾದರೂ ಹೇಳಿದರೆ ಅವರನ್ನು ಮನೆಯಿಂದ ದೂರ ಇಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಿಮ್ಮೂರಿನವರಿಗೆ ನಾನು ಹೇಳಬೇಕೇ? ವಕೀಲರ ಫೀಸನ್ನು ಪರಿಹಾರದಲ್ಲಿ ಇಷ್ಟು ಪಾಲೆಂದು ಬರೆಸಿಕೊಳ್ಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಕೈಯಲ್ಲಿ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ವಿಚಾರಿಸಿ, ಕಡಿಮೆ ಆದಾಯದವರಿಗೂ ಅಂಗವೈಕಲ್ಯ ಇರುವವರಿಗೂ ಅಲ್ಲಿ ವಕೀಲರ ನೆರವು ಉಚಿತ.

ಇದನ್ನು ಓದುವ ಬೇರೆಯವರಿಗೆ ಒಂದು ಎಚ್ಚರಿಕೆ: 2022ರ ಏಪ್ರಿಲ್ 1ರ ನಂತರ ಕ್ಲೇಮು ಅರ್ಜಿಗೆ ಅಪಘಾತದಿಂದ ಆರು ತಿಂಗಳ ಗಡುವು ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಅಲ್ಲಿ ಏನಾಗುತ್ತದೋ ನೋಡೋಣ ಎಂದು ಕೂರದೆ ಆರು ತಿಂಗಳೊಳಗೇ ಹಾಕಿಬಿಡಿ.

ಕೊನೆಗೆ ಕೋಲಿನ ವಿಷಯ. ನಿಮ್ಮ ಯಜಮಾನರು ಮನೆಯಲ್ಲಿ, ಸುಲಿಯಲು ಹೋಗುವ ದಾರಿಯಲ್ಲಿ ಕೋಲು ಹಿಡಿಯುತ್ತಾರೆಯೇ? ಇಲ್ಲ ಎಂದಾದರೆ ಕೋರ್ಟಿಗೂ ಬೇಡ. ಹೇಗೆ ನಡೆಯುತ್ತಾರೋ ಹಾಗೇ ನಡೆದುಕೊಂಡು ಬರಲಿ. ಎದುರು ವಕೀಲರು ‘ನೀವು ಆರಾಮಾಗಿ ನಡೆದುಕೊಂಡು ಬಂದಿರಲ್ಲ’ ಎಂದು ಕೇಳಿಯೇ ಕೇಳುತ್ತಾರೆ. ‘ಹೌದು ಸ್ವಾಮಿ, ನಡೆಯುತ್ತೇನೆ, ಮರ ಹತ್ತಲಾರೆ’ ಎಂದರೆ ಸಾಕು. ಅದಕ್ಕೆ ಮೇಲೊಂದು ಪ್ರಶ್ನೆ ಕೇಳಿದರೆ ನಷ್ಟ ಅವರಿಗೇ.